ಮಾಂಕ್ಟನ್ನಿಗೆ ಮೂವರು

ಸೇಂಟ್ ಜಾನ್ ಊರಿನ ಉತ್ತರದ ಗುಡ್ಡದ ಮೇಲೆ ಬಸುರಿಯಾದ ಹೆಂಗಸು ಮೊದಲು ಸುದ್ದಿ ಮುಟ್ಟಿಸುತ್ತಿದ್ದುದು ಹೆತ್ತ ತಾಯಿಗಲ್ಲ, ಎಷ್ಟೋ ಸಲ ಗಂಡನಿಗೂ ಅಲ್ಲ, ವರ್ನಾ ಡ್ರಿಸ್ಕಾಲಳಿಗೆ. "ಇನ್ನೂ ಯಾರಿಗೂ ಹೇಳಿಲ್ಲ ಕಣ್ರೀ. ಮುಂದಿನ ವರ್ಷ ಕೊನೇಗೆ ನನ್ನ ಕೂಸಿಗೊಂದು ಜಾಗ ಇಟ್ಕೊಂಡಿರಿ" ಎಂದು ಫೋನಿನಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು. ವರ್ನಾ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದಳು. ಕೆಲವು ಹೆಸರುಗಳ ಮೇಲೆ ಆಮೇಲೆ ಗೀಟು ಎಳೆಯಬೇಕಾಗುತ್ತಿತ್ತು. ಮಗು ಉಳಿಯಲಿಲ್ಲ ಎಂದು ಫೋನು ಬರುತ್ತಿತ್ತು, ಇಲ್ಲವೇ ಪಕ್ಕದ ಪಟ್ಟಣ ಮಾಂಕ್ಟನ್ನಿಗೆ ಮನೆ ಬದಲಾಯಿಸುತ್ತಿದ್ದೇವೆ ಎಂದು. ಎರಡಕ್ಕೂ ಒಂದೇ ಬಗೆಯ ಗೀಟು.

ಲೈಸೆನ್ಸ್ ಇಲ್ಲದೆ ಹಗಲು ಹೊತ್ತು ಮನೆಯಲ್ಲಿ ನೋಡಿಕೊಳ್ಳಬಹುದಾದದ್ದು ಬೇರೆಯವರ ಐದು ಮಕ್ಕಳನ್ನು. ಬೆಳಿಗ್ಗೆ ಆರೂವರೆಗೆ ಮೊದಲನೆಯದು ಬರುತ್ತಿತ್ತು, ಸಂಜೆ ಐದೂವರೆಗೆ ಕೊನೆಯದು ಹೋಗುತ್ತಿತ್ತು. ಹೋದಮೇಲೆ ನೆಲ ಒರೆಸುವುದು, ಅಂಟಿದ ಗಂಜಿಯನ್ನು ಕುರ್ಚಿಯ ಕಾಲಿನಿಂದ ಕೆರೆಯುವುದು, ನಾಳೆಯ ಸೂಪಿಗೆ ಗಜ್ಜರಿ ಹೆಚ್ಚಿಡುವುದು. ಇವು ಯಾವ ಹೊತ್ತಿನ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಒಂಬತ್ತು ಮಕ್ಕಳ ಮನೆಯಲ್ಲಿ ಮೂರನೆಯವಳಾಗಿ ಹುಟ್ಟಿದ ವರ್ನಾಳ ಸೊಂಟಕ್ಕೆ ಎಂಟನೆಯ ವಯಸ್ಸಿನಲ್ಲೇ ಒಂದು ಕೂಸು ಅಂಟಿಕೊಂಡಿತ್ತು. ಮುಂದೆ ಬಂದರಿನ ಪಕ್ಕದ ಸಕ್ಕರೆ ಕಾರ್ಖಾನೆಯಲ್ಲಿ ಹದಿನಾರು ವರ್ಷ ಪೊಟ್ಟಣ ಕಟ್ಟಿದಳು. ಎರಡು ಸಾವಿರದ ಇಸವಿಯಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಮರುವಾರವೇ ಪಕ್ಕದ ಮನೆಯ ಹುಡುಗಿ ಬಂದು, "ಹೇಗೂ ನೀವೀಗ ಮನೇಲೇ ಇರ್ತೀರಲ್ಲ" ಎಂದು ಮಗುವನ್ನು ಅವಳ ಕೈಗೆ ಕೊಟ್ಟು ಹೋದಳು. ಆ ಒಂದು ಮಾತು ಇಪ್ಪತ್ತೈದು ವರ್ಷದ ಉದ್ಯೋಗವಾಯಿತು. ಅರವತ್ತೊಂದು ಮಕ್ಕಳು ಅವಳ ಮನೆಯಲ್ಲಿ ನಡೆಯಲು ಕಲಿತವು. ಅವರಲ್ಲಿ ಊರಿನಲ್ಲಿ ಉಳಿದವರು ಹತ್ತೊಂಬತ್ತು. ಈ ಲೆಕ್ಕ ವರ್ನಾಳ ಬಾಯಲ್ಲಿತ್ತು, ಆದರೆ ಅದನ್ನು ಅವಳ ಬಳಿ ಯಾರೂ ಕೇಳಿರಲಿಲ್ಲ.

ಜನಸಂಖ್ಯೆಯ ವಿಷಯ ಕೇಳಬೇಕಾದರೆ ಎಲ್ಲರೂ ಹೋಗುತ್ತಿದ್ದುದು ಅವಳ ಗಂಡ ಲಿಯೋನ ಹತ್ತಿರ. ಭೂದಾಖಲೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತನಾದ ಲಿಯೋ, ಊರಿನ ಏಳಿಗೆಗಾಗಿ ಸೇರುತ್ತಿದ್ದ 'ಬಂದರು ಬಳಗ'ದ ಕಾರ್ಯದರ್ಶಿ. ಒಂದು ಕಾಲಕ್ಕೆ ಈ ಪ್ರಾಂತ್ಯದಲ್ಲೇ ಅತಿ ದೊಡ್ಡದಾಗಿದ್ದ ಸೇಂಟ್ ಜಾನನ್ನು ಮಾಂಕ್ಟನ್ ಜನಗಣತಿಯಲ್ಲಿ ಹಿಂದೆ ಹಾಕಿದ್ದು ಅವನಿಗೆ ಮೈಮೇಲಿನ ಗಾಯವಿದ್ದಂತೆ. ಅವನ ತಮ್ಮನೇ ಅಲ್ಲಿಗೆ ಹೋಗಿ ನೆಲೆಸಿದ್ದ. ಅದನ್ನು ಲಿಯೋ ಕೆಟ್ಟ ಕಾಯಿಲೆಯ ಸುದ್ದಿಯಂತೆ ಪಿಸುದನಿಯಲ್ಲಿ ಹೇಳುತ್ತಿದ್ದ.

"ಅವರ ಹತ್ರ ಏನಿದೆ? ಸಪಾಟು ನೆಲ, ನಾಲ್ಕು ಅಂಗಡಿ, ಕೆಸರು ಹೊಳೆ" ಎಂದು ಮಕ್ಕಳು ಗಂಜಿ ತಿನ್ನುತ್ತಿದ್ದ ಮೇಜಿನ ಒಂದು ಮೂಲೆಯಲ್ಲಿ, ಊರಿನ ಮುಂದಿನ ಜನಸಂಖ್ಯೆಯ ಅಂದಾಜಿನ ಹಾಳೆಗಳನ್ನು ಹರಡಿಕೊಳ್ಳುತ್ತಿದ್ದ. "ನಮಗೆ ಬಂದರಿದೆ, ದೊಡ್ಡಾಸ್ಪತ್ರೆ ಇದೆ. ನೋಡು, ಇದು ಕೆಳಗಿನ ಗೆರೆ, ಇದು ನಡುವಿನದು, ಇದು ಮೇಲಿನದು. ಹೊರಗಿಂದ ಬಂದವರು ಇಲ್ಲೇ ನಿಂತು, ಮನೆಗೆರಡು ಮಕ್ಕಳಾದ್ರೆ ಮೇಲಿನ ಗೆರೆ. ಇಪ್ಪತ್ತು ವರ್ಷದಲ್ಲಿ ಮಾಂಕ್ಟನ್ ನಮ್ಮ ಹಿಂದೆ ಧೂಳು ತಿನ್ನತ್ತೆ."

ವರ್ನಾ ಒಂದು ಮಗುವಿನ ಮೂಗೊರೆಸುತ್ತ ಕೇಳಿದ್ದಳು: "ಮೇಲಿನ ಗೆರೆಯ ಮಕ್ಕಳನ್ನ ಹಗಲೆಲ್ಲ ಯಾರು ನೋಡ್ಕೊಳ್ತಾರೆ?"

"ಅದು ಬೇರೆ ಇಲಾಖೆ ಕಣೇ" ಎಂದು ಲಿಯೋ ಕಾಲೆತ್ತಿ ಕುಳಿತಿದ್ದ. ಅವಳು ಅವನ ಕಾಲಡಿ ಒರೆಸಿ ಮುಂದೆ ಹೋಗಿದ್ದಳು.

ಆ ಚಳಿಗಾಲ ವರ್ನಾಳ ಬಲಸೊಂಟ ಸಂಪೂರ್ಣ ಕೈಕೊಟ್ಟಿತು. ಕೀಲು ಬದಲಾಯಿಸಬೇಕು, ಸೆಪ್ಟೆಂಬರಿಗೆ ಸರದಿ ಬರಬಹುದು ಎಂದರು ಡಾಕ್ಟರು. ಆರು ವಾರ ವಿಶ್ರಾಂತಿ, ಆಮೇಲೆ ಮತ್ತೆ ಎಂದಿನಂತೆ ಎಂದು ಲಿಯೋ ತಾನೇ ತೀರ್ಮಾನಿಸಿಕೊಂಡ. ವರ್ನಾ ಬೇರೆ ತೀರ್ಮಾನಿಸಿದ್ದಳು. ಏಪ್ರಿಲಿನಲ್ಲಿ ಐವರು ತಾಯಂದಿರಿಗೂ ಹೇಳಿದಳು: ಆಗಸ್ಟ್ ಕೊನೆಗೆ ಮುಚ್ಚುತ್ತೇನೆ, ಮತ್ತೆ ತೆರೆಯುವುದಿಲ್ಲ. ಗಂಡನಿಗೆ ಹೇಳಲಿಲ್ಲ. ತಾಯಂದಿರಿಗೆ ಹೇಳಿದರೆ ಅದು ಸುದ್ದಿ, ಅವನಿಗೆ ಹೇಳಿದರೆ ಚರ್ಚೆ.

ಆ ಐವರಲ್ಲಿ ಒಬ್ಬಳು ಮಾರಿವಿಕ್. ಫಿಲಿಪೀನ್ಸಿನಲ್ಲಿ ನರ್ಸಾಗಿದ್ದವಳು ಇಲ್ಲಿ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಿದ್ದಳು. ಆಗಸ್ಟಿನಲ್ಲಿ ಪರೀಕ್ಷೆ ಪಾಸಾದರೆ ಇಲ್ಲೂ ನರ್ಸು. ಗಂಡ ರೋಡೆಲ್ ಮೀನಿನ ಕಾರ್ಖಾನೆಯಲ್ಲಿದ್ದ. ಎರಡು ವರ್ಷದ ಮಗಳು ತಾಲಾ ವರ್ನಾಳ ಮನೆಯಲ್ಲಿ ಬೆಳೆಯುತ್ತಿದ್ದಳು. ಮಾರಿವಿಕ್ ವರ್ನಾಳನ್ನು 'ಆತೆ' ಎನ್ನುತ್ತಿದ್ದಳು. ಅವರಲ್ಲಿ ಹಾಗೆಂದರೆ ಅಕ್ಕ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬಂದರು ಬಳಗದ ಸಭೆ ನಡೆಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಎಪ್ಪತ್ತು ಕುರ್ಚಿ. ವರ್ನಾ ಬೆಳಿಗ್ಗೆಯಿಂದ ನಿಂತು ಮೊಟ್ಟೆಯ ಸ್ಯಾಂಡ್‌ವಿಚ್ಚು, ಖರ್ಜೂರದ ಬಿಲ್ಲೆ ಮಾಡಿ ತಂದಿದ್ದಳು. ಲಿಯೋ ಎರಡು ಊರುಗಳ ಹುಟ್ಟು, ಸಾವು, ಬಂದವರು, ಹೋದವರನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ವಿವರಿಸಿದ. ಕೊನೆಗೆ ಒಂದು ಫೋಟೋ ಮೂಡಿತು. ವರ್ನಾಳ ಅಡುಗೆಮನೆ, ಮೇಜಿನ ಸುತ್ತ ಐದು ಮಕ್ಕಳು. ಚಿತ್ರದ ಅಂಚಿನಲ್ಲಿ ಸೌಟು ಹಿಡಿದ ಒಂದು ಕೈ.

"ಇದೇ ನಮ್ಮ ಮೇಲಿನ ಗೆರೆ" ಎಂದ ಲಿಯೋ. ಚಪ್ಪಾಳೆ ಬಿತ್ತು.

ಹೊಸಬರ ಪರವಾಗಿ ಮಾರಿವಿಕ್‌ಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅಧ್ಯಕ್ಷ ಗೆರಾಲ್ಡ್ ಮಹೋನಿ ಮೈಕು ಅವಳ ಮುಂದೆ ಹಿಡಿದು, "ಹೇಳಮ್ಮಾ, ಮಾಂಕ್ಟನ್ ಬಿಟ್ಟು ನಮ್ಮೂರನ್ನೇ ಯಾಕೆ ಆರಿಸ್ಕೊಂಡ್ರಿ? ನಾಚ್ಕೋಬೇಡಿ" ಎಂದ.

"ಆತೆ ವರ್ನಾಗೋಸ್ಕರ" ಎಂದಳು ಮಾರಿವಿಕ್. "ಮಗು ನೋಡ್ಕೊಳ್ಳೋರು ಸಿಕ್ಕಿದ್ರು, ನಿಂತ್ವಿ. ಈಗ ಅವರು ಮುಚ್ತಿದ್ದಾರೆ. ಮಾಂಕ್ಟನ್ನಲ್ಲಿ ನಮ್ಮವರ ಅಣ್ಣನ ಹೆಂಡತಿ ಮನೇಲಿರ್ತಾರೆ. ನನ್ನ ಪರೀಕ್ಷೆ ಮುಗಿದ ಮೇಲೆ ಅಲ್ಲಿಗೇ ಹೋಗೋದು."

ಎಪ್ಪತ್ತು ತಲೆಗಳೂ ವರ್ನಾ ನಿಂತಿದ್ದ ಚಹಾದ ಮೇಜಿನತ್ತ ತಿರುಗಿದವು.

"ಏನಿದು ವರ್ನಾ ಮಾರಾಯ್ತಿ!" ಎಂದು ಗೆರಾಲ್ಡ್ ನಗಾಡಿದ. "ಊರು ಉಳಿಸೋಕೆ ನಾವಿಲ್ಲಿ ಗಂಟಲು ಹರ್ಕೋತಿದ್ರೆ ನೀನು ಹಿಂಬಾಗಿಲಲ್ಲಿ ಜನರನ್ನ ಸಾಗಹಾಕ್ತಿದ್ದೀಯಲ್ಲ!"

"ಹಾಲು ಬೇಕಾ ಗೆರಾಲ್ಡ್, ಬೇಡವಾ?" ಎಂದಳು ವರ್ನಾ.

ಸಭೆ ಮುಗಿದ ಮೇಲೆ ಲಿಯೋ ಚರ್ಚಿನ ಅಡುಗೆಮನೆಗೆ ಬಂದ. ವರ್ನಾ ತೊಳೆಯುತ್ತ ತೊಳೆಯುತ್ತ ಎಪ್ಪತ್ತನೆಯ ಕಪ್ಪಿನ ಹತ್ತಿರ ಬಂದಿದ್ದಳು. ಒರೆಸುವ ಬಟ್ಟೆ ಅವನ ಕೈಗೆಟಕುವಲ್ಲೇ ನೇತಾಡುತ್ತಿತ್ತು.

"ನನಗೊಂದು ಮಾತು ಹೇಳಬೇಕಿತ್ತು. ಎಲ್ಲರೆದುರು ನಾನು ಕೋತಿ ಆದೆ."

"ಹೇಳಿದ್ರೆ ಏನ್ಮಾಡ್ತಿದ್ದೆ?"

"ಒಂದು ವರ್ಷ ಮುಂದಕ್ಕೆ ಹಾಕು ಅಂತಿದ್ದೆ. ಮುಂದಿನ ಜನಗಣತಿಗೆ ಇನ್ನೆಷ್ಟು ದಿನ ಇದೆ? ಒಂದೊಂದು ಕುಟುಂಬವೂ ಲೆಕ್ಕಕ್ಕೆ ಬರತ್ತೆ ಕಣೇ."

"ಹಾಗಾದ್ರೆ ನೀನೇ ನೋಡ್ಕೋ. ನಿನ್ನ ಸೊಂಟ ಚೆನ್ನಾಗಿದೆ."

ಲಿಯೋ ಜೋರಾಗಿ ನಕ್ಕ. ವರ್ನಾ ನಗದೆ ಸಿಂಕಿನ ನೀರು ಬಿಟ್ಟಳು.

ಜೂನ್ ಎರಡನೆಯ ವಾರ, ದಟ್ಟ ಮಂಜಿನ ಒಂದು ಸಂಜೆ, ಸರ್ಜನ್ನರ ಕಚೇರಿಯಿಂದ ಫೋನು ಬಂತು. ಯಾರೋ ಸರದಿ ಬಿಟ್ಟುಕೊಟ್ಟಿದ್ದಾರೆ, ಬರುವ ಸೋಮವಾರ ಬರುತ್ತೀರಾ, ಇಲ್ಲವೆಂದರೆ ಸೆಪ್ಟೆಂಬರ್ ಕೂಡ ಖಾತ್ರಿಯಿಲ್ಲ, ಈಗಲೇ ಹೇಳಿ. ತಾಲಾಳನ್ನು ಕರೆದೊಯ್ಯಲು ಬಂದ ಮಾರಿವಿಕ್ ಬಾಗಿಲಲ್ಲೇ ಇದ್ದಳು. ನೋವು ವರ್ನಾಳ ತೊಡೆಯಿಂದ ಮೊಣಕಾಲಿಗೆ ಇಳಿಯುತ್ತಿತ್ತು.

"ಬರ್ತೀನಿ" ಎಂದಳು.

ಉಳಿದ ನಾಲ್ಕು ಮನೆಯವರು ಹೇಗೋ ದಾರಿ ಮಾಡಿಕೊಂಡರು. ಒಬ್ಬಳು ಶಾಲೆಯ ಶಿಕ್ಷಕಿ, ಬೇಸಿಗೆ ರಜೆ ಬರುತ್ತಿತ್ತು. ಉಳಿದವರಿಗೆ ಅಜ್ಜಿಯರಿದ್ದರು. ಮಾರಿವಿಕ್‌ಗೆ ಈ ಊರಲ್ಲಿ ಯಾರೂ ಇರಲಿಲ್ಲ. ಪರೀಕ್ಷೆಗೆ ಇನ್ನೂ ಎಂಟು ವಾರ. ಈಗಲೇ ಮಾಂಕ್ಟನ್ನಿಗೆ ಹೋದರೆ ಗಂಡ ಹೆಂಡತಿ ಇಬ್ಬರ ಕೆಲಸವೂ ಹೋಗುತ್ತದೆ, ಮತ್ತೆ ಕೆಲಸ ಹುಡುಕುವ ಗಡಿಬಿಡಿಯಲ್ಲಿ ಓದು ನಿಲ್ಲುತ್ತದೆ.

"ಕರ್ಕೊಂಡ್ಬಾ" ಎಂದಳು ವರ್ನಾ. "ಲಿಯೋ ನೋಡ್ಕೊಳ್ತಾನೆ."

ಹಾಳೆಗಳ ಹಿಂದಿನಿಂದ ಲಿಯೋ ತಲೆಯೆತ್ತಿದ. "ನಾನಾ?"

"ಒಂದೇ ಮಗು, ಲಿಯೋ. ಒಂದೊಂದು ಕುಟುಂಬವೂ ಲೆಕ್ಕಕ್ಕೆ ಬರತ್ತೆ ಅಂದಿದ್ಯಲ್ಲ?"

ಮಾರಿವಿಕ್ ಇಬ್ಬರನ್ನೂ ನೋಡಿದಳು. "ನೀವು ಮಹಡಿ ಮೇಲೇ ಇರ್ತೀರಲ್ಲ ಆತೆ? ಏನಾದ್ರೂ ಬೇಕಾದ್ರೆ ಅವರಿಗೆ ಹೇಳಿಕೊಡ್ತೀರಲ್ಲ?"

"ಇರ್ತೀನಿ" ಎಂದಳು ವರ್ನಾ.

ಆಸ್ಪತ್ರೆಯಿಂದ ಬಂದ ಮೇಲೆ ಮಹಡಿಯ ಕೋಣೆಯಲ್ಲಿ ಮಲಗಿದಳು. ಎರಡು ದಿನ ಅವಳ ದೇಹ ಮೇಲಿತ್ತು, ಬಾಯಿ ಕೆಳಗೆ ಕೆಲಸ ಮಾಡಿತು. "ವರ್ನಾ, ಹಾಲಿನ ಲೋಟ ಎಲ್ಲಿ?" "ವರ್ನಾ, ಇದರ ಹಿಂದು ಯಾವುದು, ಮುಂದು ಯಾವುದು?" "ವರ್ನಾ, ಇವಳು ಗಜ್ಜರಿ ಉಗುಳ್ತಿದ್ದಾಳೆ!" ಅವಳು ಮಲಗಿದಲ್ಲಿಂದಲೇ ಕೂಗಿ ಕೂಗಿ ಹೇಳಿದಳು. ಎರಡನೆಯ ಸಂಜೆ ಹೊಲಿಗೆ ಹಾಕಿದ ಜಾಗ ಹೊತ್ತಿ ಉರಿಯುತ್ತಿದ್ದಾಗ ಅವಳಿಗೆ ಹೊಳೆಯಿತು. ತಾನು ಉತ್ತರ ಕೊಡುವವರೆಗೂ ಅವನು ಕೇಳುತ್ತಲೇ ಇರುತ್ತಾನೆ. ಕಾಲಿಲ್ಲದಿದ್ದರೂ ಈ ಮನೆಯನ್ನು ಹೊರುವವಳು ತಾನೇ ಆಗಿರುತ್ತಾಳೆ.

ಮೂರನೆಯ ದಿನ ಮಧ್ಯಾಹ್ನ ತಾಲಾ ನಿದ್ದೆಯಿಂದ ಬೆಚ್ಚಿ ಎದ್ದಳು. ಅಳು ಶುರುವಾಯಿತು.

ಅದು ಹಸಿವಿನ ಅಳುವಲ್ಲ ಎಂದು ವರ್ನಾಳಿಗೆ ಮೊದಲ ಉಸಿರಿನಲ್ಲೇ ಗೊತ್ತಾಯಿತು. ಎದ್ದಾಗ ಎದುರಿಗೆ ಗೊತ್ತಿರುವ ಮುಖ ಕಾಣದ ಅಳು. ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಬೆನ್ನ ಮೇಲೆ ಅಂಗೈ ಒತ್ತಿಹಿಡಿದು ಸುಮ್ಮನೆ ನಿಂತರೆ ಸಾಕು, ತಟ್ಟಬಾರದು. ತಟ್ಟಿದರೆ ಹೆಚ್ಚಾಗುತ್ತದೆ. ಕೆಳಗೆ ಲಿಯೋ ತಟ್ಟುತ್ತಿದ್ದುದು ಮೇಲಿನವರೆಗೆ ಕೇಳಿಸುತ್ತಿತ್ತು.

"ವರ್ನಾ! ಏನ್ಮಾಡ್ಲಿ?"

ಅವಳು ಹೊದಿಕೆಯ ಅಂಚು ಹಿಡಿದುಕೊಂಡಳು.

"ವರ್ನಾ! ನಿದ್ದೆ ಮಾಡ್ತಿದ್ದೀಯಾ?"

ಒಂದು ಮಾತು. ಕಿಟಕಿ ಎಂದರೆ ಸಾಕಿತ್ತು. ಅಳು ಕೆಮ್ಮಾಯಿತು, ಕೆಮ್ಮು ವಾಂತಿಯಾಯಿತು, ಮತ್ತೆ ಅಳುವಾಯಿತು. ಲಿಯೋ ಬಾಗಿಲು ತೆರೆದ, ಮುಚ್ಚಿದ, ಹಾಡಲು ನೋಡಿದ, ಬೈದ, ಕ್ಷಮೆ ಕೇಳಿದ. ಮೇಲೆ ವರ್ನಾಳ ತಲೆದಿಂಬು ಕಣ್ಣೀರಿಗೆ ಒದ್ದೆಯಾಯಿತು. ಬಾಯಿ ತೆರೆಯಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಮನೆ ನಿಶ್ಶಬ್ದವಾಯಿತು.

ನಾಲ್ಕು ಗಂಟೆಗೆ ಮಾರಿವಿಕ್ ಬಂದಾಗ ತಾಲಾ ಲಿಯೋನ ಎದೆಯ ಮೇಲೆ ಮಲಗಿದ್ದಳು. ಎದ್ದರೆ ಎಚ್ಚರವಾದೀತೆಂದು ಅವನು ಕುರ್ಚಿಯಲ್ಲಿ ಕಲ್ಲಾಗಿ ಕುಳಿತಿದ್ದ. ಅಂಗಿಯೆಲ್ಲ ವಾಂತಿ. ಅವನ ದನಿಯಲ್ಲಿ ಹೆಮ್ಮೆಯಿತ್ತು.

"ನಲವತ್ತೈದು ನಿಮಿಷ ಅತ್ತಳು ನೋಡು! ಕೊನೆಗೆ ನಾನೇ ಮಲಗಿಸಿದೆ. ವರ್ನಾ ಒಂದ್ಸಲವೂ ಬಾಯಿ ಹಾಕಲಿಲ್ಲ."

ಮಾರಿವಿಕ್ ಮಗಳನ್ನು ಎತ್ತಿಕೊಂಡಳು. ಮಗು ಕಣ್ಣು ಬಿಟ್ಟು ಏನೋ ಹೇಳಲು ಹೋಯಿತು, ಕಟ್ಟಿದ ಗಂಟಲಿನಿಂದ ಗಾಳಿಯಷ್ಟೇ ಬಂತು. ಮಾರಿವಿಕ್ ಮೆಟ್ಟಿಲು ಹತ್ತಿ ಬಂದು ಮಂಚದ ಬಳಿ ನಿಂತಳು.

"ನಿದ್ದೆ ಬಂದಿತ್ತಾ ಆತೆ? ಮಾತ್ರೆ ತಗೊಂಡಿದ್ರಾ?"

ಹೌದು ಎಂದುಬಿಡಬಹುದಿತ್ತು.

"ಇಲ್ಲ. ಕೇಳಿಸ್ತಿತ್ತು."

"ಎಲ್ಲಾ?"

"ಎಲ್ಲಾ. ಅವನು ಕಲೀಲಿ ಅಂತ..."

"ಅವರು ಕಲಿತರು" ಎಂದಳು ಮಾರಿವಿಕ್. ಅವಳ ದನಿ ಏರಲಿಲ್ಲ. "ನಾನು ವೃದ್ಧಾಶ್ರಮದಲ್ಲಿ ಬೇರೆಯವರ ಅಪ್ಪಂದಿರನ್ನ ತೊಳೀತಿದ್ದೆ. ಇಲ್ಲಿ ನನ್ನ ಮಗಳ ಮೇಲೆ ನಿಮ್ಮ ಗಂಡ ಪಾಠ ಕಲಿತಿದ್ರು." ಹೋಗುವಾಗ ಅಭ್ಯಾಸಬಲದಿಂದ ವರ್ನಾಳ ದಿಂಬು ಸರಿಪಡಿಸಿ, ನೀರಿನ ಲೋಟ ಕೈಗೆಟಕುವಂತೆ ಇಟ್ಟುಹೋದಳು.

ಮರುದಿನ ಬೆಳಿಗ್ಗೆ ಲಿಯೋ ಆರಕ್ಕೇ ಎದ್ದ. ಪಾತ್ರೆಯ ಸದ್ದು, ಸುಟ್ಟ ವಾಸನೆ, ಮತ್ತೆ ಪಾತ್ರೆಯ ಸದ್ದು. ಆರೂವರೆ, ಏಳು, ಏಳೂವರೆ. ಎಂಟಕ್ಕೆ ಅವನು ಮೇಲೆ ಬಂದ.

"ಬರಲಿಲ್ಲವಲ್ಲ ಇನ್ನೂ. ನಾನು ಗಂಜಿ ಮಾಡಿಟ್ಟಿದ್ದೀನಿ, ಗಂಟಿಲ್ಲದ ಹಾಗೆ."

"ಬರಲ್ಲ, ಲಿಯೋ. ರೋಡೆಲ್ ಫೋನ್ ಮಾಡಿದ್ದ. ಶನಿವಾರ ಹೊರಡ್ತಾರಂತೆ."

"ಮಾಂಕ್ಟನ್ನಿಗಾ? ಪರೀಕ್ಷೆ?"

"ಈ ವರ್ಷ ಇಲ್ಲ."

ಲಿಯೋ ಮಂಚದ ಅಂಚಿಗೆ ಕುಳಿತ. ಒಗೆಯದ ಅಂಗಿ ಇನ್ನೂ ಹುಳಿ ನಾರುತ್ತಿತ್ತು. "ಮೂವರು" ಎಂದ, ಲೆಕ್ಕಕ್ಕೋ ಸಂಕಟಕ್ಕೋ ತಿಳಿಯದ ದನಿಯಲ್ಲಿ. ಆಮೇಲೆ ಕೇಳಿದ: "ನಿನ್ನೆ ಅವಳಿಗೆ ಏನು ಬೇಕಿತ್ತು ವರ್ನಾ? ನಿನಗೆ ಗೊತ್ತಿತ್ತಾ?"

"ಎತ್ಕೊಂಡು ಕಿಟಕಿ ಹತ್ರ ನಿಲ್ಲಬೇಕಿತ್ತು. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಅವನು ಕೆಳಗೆ ಹೋಗಿ, ಮಗುವಿಗೆಂದು ಮಾಡಿದ್ದ ಗಂಜಿಯನ್ನು ತಂದು ಅವಳ ತೊಡೆಯ ಮೇಲಿಟ್ಟ. ತಣ್ಣಗಾಗಿತ್ತು, ಉಪ್ಪಿರಲಿಲ್ಲ, ಆದರೆ ಗಂಟು ಒಂದೂ ಇರಲಿಲ್ಲ. ವರ್ನಾ ಚಮಚ ಎತ್ತಿಕೊಂಡಳು. ಬಟ್ಟಲಿನ ತಳ ಕಾಣುವವರೆಗೂ ತಿಂದಳು.