ಪಂಚಪ್ಪನವರ ಪುಸ್ತಕದ ಕಿಂಡಿ

ಎಂಬತ್ಮೂರರ ಬೇಸಿಗೆ ರಜೆಯಲ್ಲಿ ಪಂಚಪ್ಪನವರ ಕಾಟ ತಾಳಲಾರದೆ ಆರ್.ಟಿ. ನಗರದ ಅವರ ಲೈಬ್ರರಿಗೆ ಹೋಗುವುದನ್ನೇ ಬಿಡೋಣ ಎಂದುಕೊಂಡಿದ್ದೆ. ಗದಗದ ಕಡೆಯಿಂದ ಬಂದವರು. ಹಗಲು ಫ್ಯಾಕ್ಟರಿ, ಸಂಜೆ ಮನೆಯ ಮುಂಗೋಣೆಯಲ್ಲಿ ಬಾಡಿಗೆ ಪುಸ್ತಕ. ಪ್ರೇಮದ ಕಾದಂಬರಿ ಕೇಳಿದರೂ, ಪತ್ತೇದಾರಿ ಕೇಳಿದರೂ ಅವರು ಕೈಗಿಡುತ್ತಿದ್ದದ್ದು ಒಂದೇ: ‘ನೆರಳು ಕೊಳ್ಳುವವಳು’. ಪಿ.ಯು.ಸಿ. ವಯಸ್ಸಿನವರು ಇದನ್ನು ಓದಲೇಬೇಕಂತೆ!

ಅದು ಅಂಗಡಿಯಲ್ಲಿ ಸಿಗುವ ಪುಸ್ತಕವೂ ಅಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿ. ಎಲ್ಲ ಕಂತು ಮುಗಿದ ಮೇಲೆ ಹಳೆಯ ಸಂಚಿಕೆಗಳಿಂದ ಹಾಳೆ ಬಿಡಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿ ಅವರೇ ಕಟ್ಟಿದ್ದರು. ಬೀದಿಯಲ್ಲಿ ಅವರ ಶಿಫಾರಸು ಕೇಳದ ಹುಡುಗ ಹುಡುಗಿಯರಿಲ್ಲ, ಒಯ್ದು ಓದಿದವರೂ ಇಲ್ಲ. ಕೊನೆಗೆ ಪೀಡೆ ತೊಲಗಲಿ ಎಂದು ನಾನು ಒಯ್ದೆ.

ಅದು ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹಾಳು ಬಾವಿಯ ಕಟ್ಟೆಯ ಮೇಲೆ ಕೂತ ಮುದುಕಿ ಮಕ್ಕಳ ನೆರಳು ಕೊಂಡು, ಬಯಸಿದ್ದನ್ನು ಕೊಡುತ್ತಾಳೆ. ನೆರಳು ಮಾರಿದವರ ಹೆಸರು ಹೆತ್ತವರಿಗೂ ಮರೆತುಹೋಗುತ್ತದೆ. ತಂಗಿಯ ನೆರಳು ಬಿಡಿಸಿಕೊಳ್ಳಲು ಹದಿನಾರರ ಅಕ್ಕ ಬಾವಿಗಿಳಿಯುತ್ತಾಳೆ. ಮಟಮಟ ಮಧ್ಯಾಹ್ನ ನಾನು ಎದ್ದು ನನ್ನ ನೆರಳು ನೋಡಿಕೊಂಡೆ. ಕೊನೆಯ ಕಂತಿನಲ್ಲಿ ಮುದುಕಿ ಅಕ್ಕನಿಗೆ ತಂಗಿಯ ನೆರಳಿನ ಬೆಲೆ ಹೇಳಬೇಕು, ಅಷ್ಟರಲ್ಲಿ ಹಾಳೆಯ ನಡುವೆ ಅಂಗೈಯಗಲದ ಚೌಕ ಕಿಂಡಿ. ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದರು.

ಪುಸ್ತಕ ಹಿಡಿದು ಓಡಿಹೋಗಿ, ಮುದುಕಿ ಏನು ಬೆಲೆ ಕೇಳಿದಳು ಹೇಳಿ ಎಂದು ಗಂಟು ಬಿದ್ದೆ. ಪಂಚಪ್ಪನವರು ಮೊದಲು ಕಣ್ಣು ಎಂದರು. ಆಮೇಲೆ ದನಿ ಎಂದರು. ಕೊನೆಗೆ ನೆನಪಿಲ್ಲವೆಂದು ತಲೆ ತಗ್ಗಿಸಿದರು. ಊರವರಿಗೆಲ್ಲ ಓದಿ ಓದಿ ಎಂದು ಪ್ರಾಣ ತಿಂದವರಿಗೆ ಅದೇ ನೆನಪಿಲ್ಲ. ನನಗೆ ಅಳುವೇ ಬಂತು.

ಒಳಗಿಂದ ಅವರ ಹೆಂಡತಿ ರತ್ನವ್ವ ರಂಗೋಲಿ ಪುಸ್ತಕ ಹಿಡಿದು ಬಂದರು. ಅದರಲ್ಲಿ ಕಿಂಡಿಯ ಅಳತೆಯದೇ ಒಂದು ಚುಕ್ಕಿ ರಂಗೋಲಿ, ಮೈದಾ ಅಂಟಿನಲ್ಲಿ ಭದ್ರವಾಗಿ ಕೂತಿತ್ತು. ಹಾಳೆಯ ಈ ಬದಿಗೆ ರಂಗೋಲಿ, ಬೆನ್ನಿಗೆ ಕಥೆ. ಪುಸ್ತಕ ಕಟ್ಟುವ ಮೊದಲೇ ರತ್ನವ್ವ ಕತ್ತರಿಸಿಕೊಂಡಿದ್ದರು; ಹೊಲಿಯುವ ಭರದಲ್ಲಿ ಪಂಚಪ್ಪನವರು ನೋಡಿರಲಿಲ್ಲ. ಪಂಚಪ್ಪನವರು ಬುದ್ಧಿ ಇದೆಯೋ ಇಲ್ಲವೋ ಎಂದು ಹಾರಾಡಿದರು. ಅವರ ಮಾತು ಮುಗಿದ ಮೇಲೆ ರತ್ನವ್ವ ರಂಗೋಲಿ ಪುಸ್ತಕ ಮುಚ್ಚಿ ಹೇಳಿದರು:

“ಓಣಿ ಮಂದಿಗೆಲ್ಲ ಓದ್ರಿ ಓದ್ರಿ ಅಂತೀರಿ. ಒಂದ್ ದಿನಾನಾದ್ರೂ ನನಗ ಓದು ಅಂದಿದ್ರ, ನಾ ಇದಕ್ಕ ಕತ್ತರಿ ಹಚ್ಚತಿದ್ದೆನೇನ್ರೀ?”

ರತ್ನವ್ವ ನನ್ನ ಕೈಯಿಂದ ಕಾದಂಬರಿ ತೆಗೆದುಕೊಂಡರು. ತಾವು ಓದುತ್ತಾ ಅಲ್ಲಿಗೆ ಬಂದಾಗ ನೀರು ಹಚ್ಚಿ ಆ ಚೂರು ಬಿಡಿಸುವುದಾಗಿಯೂ, ಅಲ್ಲಿಯವರೆಗೆ ಯಾರೂ ರಂಗೋಲಿ ಮುಟ್ಟಕೂಡದೆಂದೂ ಹೇಳಿದರು.

ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಮುಗಿದ ಮೇಲೆ ದಿನಕ್ಕೆ ಎರಡೇ ಪುಟ. ಸಂಜೆಯಾದರೆ ನಾನೂ ಪಂಚಪ್ಪನವರೂ ಬಾಗಿಲಲ್ಲಿ ನಿಂತು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆವು. ರತ್ನವ್ವ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.