ಶುಕ್ರವಾರದ ರಜೆ

ಕಂಪನಿಯನ್ನು ನನ್ನೆದುರು ಯಾರೂ ಬೈಯುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ನಂಜನಗೂಡಿನ ಆ ದೊಡ್ಡ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದವಳು ನಾನು. ಈಗ ನನ್ನ ಮಗಳಿಗೇ ಮದುವೆಯಾಗಿದೆ. ಅತ್ತೆಯ ಹೃದಯದ ಆಪರೇಷನ್ ಕಂಪನಿಯ ಇನ್ಶೂರೆನ್ಸಿನಿಂದಲೇ ಆಯಿತು. ತಿ. ನರಸೀಪುರದ ನಮ್ಮ ಬೀದಿಯ ತುದಿಗೇ ಬಸ್ಸು ಬರುತ್ತದೆ, ಕ್ಯಾಂಟೀನಿನಲ್ಲಿ ಬಿಸಿ ಊಟ ಸಿಗುತ್ತದೆ, ಸಂಬಳ ಒಂದು ತಿಂಗಳೂ ತಪ್ಪಿಲ್ಲ. ಇಷ್ಟು ಕೊಟ್ಟವರನ್ನು ಬೈದರೆ ನಾಲಿಗೆ ಸೇದಿಹೋಗುತ್ತದೆ.

ಕಷ್ಟವೆಲ್ಲ ಶಿಫ್ಟಿನದು. ವಾರಕ್ಕೊಮ್ಮೆ ಬದಲಾಗುತ್ತದೆ. ಬೀದಿಯವರು ಜಗಲಿಯಲ್ಲಿ ಹರಟುವಾಗ ನಾನು ನಿದ್ದೆಯಲ್ಲಿರುತ್ತೇನೆ, ಇಲ್ಲವೇ ಬಸ್ಸಿನಲ್ಲಿ. ನೆರೆಯವರ ಸೀಮಂತ, ತಿಥಿ, ಗೃಹಪ್ರವೇಶ ಎಲ್ಲಕ್ಕೂ ಅತ್ತೆಯೇ ಹೋಗುತ್ತಾರೆ. ಕಂಪನಿಯಲ್ಲಾದರೂ ಗೆಳತಿಯರಿಲ್ಲವೇ ಎಂದು ಕೇಳುವವರಿದ್ದಾರೆ. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಕಿವಿತುಂಬ ಯಂತ್ರದ ಸದ್ದು. ಪಕ್ಕದಲ್ಲಿ ನಿಲ್ಲುವವಳ ಕಣ್ಣಷ್ಟೇ ನನಗೆ ಗೊತ್ತು. ಸಂತೆಯಲ್ಲಿ ಎದುರಾದರೆ ಗುರುತು ಹತ್ತುವುದಿಲ್ಲ.

ನಮ್ಮ ಬೀದಿಯಲ್ಲಿ ಮದುವೆಗೆ ಮುಂಚೆ ಹೆಂಗಸರೆಲ್ಲ ಸೇರಿ ಅಕ್ಕಿ ಹಸನು ಮಾಡುತ್ತಾರೆ. ಮದುಮಗಳ ತಾಯಿ ಮೊದಲ ಮೊರ ಹಿಡಿದು ಕೇರಬೇಕು, ಆಮೇಲೆಯೇ ಉಳಿದವರು ಕೈ ಹಾಕುವುದು. ಅಕ್ಕಿಯದು ನೆಪ. ಹಾಡು, ನಗು, ಬೀಗರ ಅಣಕ, ಒಬ್ಬರ ಕಾಲನ್ನೊಬ್ಬರು ಎಳೆಯುವುದು, ಅದಕ್ಕೇ ಎಲ್ಲರೂ ಬರುವುದು. ಎಷ್ಟೋ ವರ್ಷದಿಂದ ನಾನು ಅಲ್ಲಿ ಕೂತಿರಲಿಲ್ಲ. ಮಗಳ ಮದುವೆ ಗೊತ್ತಾದಾಗ ನನಗೆ ಬೇರಾವ ಆಸೆಯೂ ಇರಲಿಲ್ಲ. ಆ ಹೆಂಗಸರ ನಡುವೆ ಒಂದು ದಿನ ಕೂರಬೇಕು, ಅವರು ನನ್ನನ್ನೂ ಛೇಡಿಸಬೇಕು.

ಅಕ್ಕಿ ಹಸನಿಗೆ ಬುಧವಾರ ಅಥವಾ ಶುಕ್ರವಾರ ಒಳ್ಳೆಯ ದಿನವೆಂದು ಅತ್ತೆ ಹೇಳಿದ್ದರು. ಆಡಿಟ್ ಇದೆಯೆಂದು ಸೂಪರ್‌ವೈಸರ್ ಎರಡಕ್ಕೂ ಆಗುವುದಿಲ್ಲ ಎಂದರು. ಮನೆಯಲ್ಲೂ ಹಾಗೆಯೇ ಹೇಳಿದೆ, ಆದರೆ ನಾನು ಬಿಡಲಿಲ್ಲ. ಬುಧವಾರ ಊಟದ ಹೊತ್ತಿಗೆ ಮತ್ತೆ ಹೋಗಿ ಎದುರಿಗೆ ನಿಂತೆ, ದನಿಯೂ ಸ್ವಲ್ಪ ಏರಿತು. ಅವರು ರೋಸಿಹೋಗಿ ಶುಕ್ರವಾರಕ್ಕೆ ರಜೆ ಕೊಟ್ಟರು. ಫೋನುಗಳನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕಾದ್ದರಿಂದ ಮನೆಗೆ ತಿಳಿಸಲಾಗಲಿಲ್ಲ. ಬಾಯಲ್ಲೇ ಹೇಳೋಣವೆಂದು ಸಂಜೆ ಬಸ್ಸಿಳಿದವಳು ಓಡುನಡಿಗೆಯಲ್ಲಿ ಮನೆಗೆ ಬಂದೆ.

ನಡುಮನೆಯಲ್ಲಿ ಅಕ್ಕಿ ಮೂಟೆಗಳ ಬಾಯಿ ಕಟ್ಟಿತ್ತು. ನೆಲದ ಮೇಲೆ ಎಲೆಅಡಿಕೆಯ ಚೂರು, ಚೆಲ್ಲಿದ ಕುಂಕುಮ. ಎದುರುಮನೆಯ ದೊಡ್ಡವ್ವ ಒಬ್ಬರೇ ಉಳಿದು ಕಸ ಗುಡಿಸುತ್ತಿದ್ದರು. ನನ್ನನ್ನು ನೋಡಿ ಮುಖವರಳಿಸಿದರು.

"ನಿಂಗೆ ರಜೆ ಸಿಕ್ಕಾಕಿಲ್ಲ ಅಂತ ನಿಮ್ಮತ್ತೆ ಅಂದ್ರು ಕಣವ್ವ. ಅದ್ಕೇ ಮೊದಲ ಮೊರ ನಾನೇ ಇಡ್ದು ಇವತ್ತೇ ಎಲ್ಲಾ ಮುಗಿಸ್ಬುಟ್ವಿ. ನೀನು ಆರಾಮಾಗಿ ಡ್ಯೂಟಿಗೆ ಓಗು. ನೀನಿಲ್ದಿದ್ರೂ ಎಲ್ಲಾ ನಡ್ಕಂಡ್ ಓಯ್ತದೆ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನನ್ನ ಮೇಲಿನ ಕರುಣೆಯಿಂದಲೇ ನನ್ನನ್ನು ಬಿಟ್ಟು ಮಾಡಿ ಮುಗಿಸಿದ್ದರು. ಒಳ್ಳೆಯದಾಯಿತು ದೊಡ್ಡವ್ವ ಎಂದು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ರಜೆ ಸಿಕ್ಕಿದ್ದನ್ನು ಯಾರಿಗೂ ಹೇಳಲಿಲ್ಲ.

ಹೇಳದಿದ್ದ ಮೇಲೆ ಮನೆಯಲ್ಲಿ ಉಳಿಯುವುದು ಹೇಗೆ? ಶುಕ್ರವಾರ ಬೆಳಿಗ್ಗೆ ಎಂದಿನಂತೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದೆ. ರಜೆ ಕೊಟ್ಟಿದ್ದೆನಲ್ಲ, ಯಾಕೆ ಬಂದಿರಿ ಎಂದು ಸೂಪರ್‌ವೈಸರ್ ಕೇಳಿದರು. ನಾನು ಒಳಗೆ ನೋಡಿದೆ. ನನ್ನ ಜಾಗದಲ್ಲಿ ಆಗಲೇ ಬೇರೊಬ್ಬಳು ನಿಂತಿದ್ದಳು. ಪೆಟ್ಟಿಗೆಗಳು ಒಂದೂ ತಪ್ಪದೆ ಅವಳ ಕೈ ದಾಟಿ ಹೋಗುತ್ತಿದ್ದವು.