ಮಾದಯ್ಯನ ಎರಡನೆಯ ಸವಾರಿ

ಈ ಬೆಳಿಗ್ಗೆ ಕಾಫಿ ಲೋಟದ ಅಂಚಿಗೆ ಒಂದು ಜೇನುಹುಳ ಬಂದು ಕುಳಿತಿತು. ಹೆಂಡತಿ ಪೇಪರ್ ಮಡಿಸಿ ಎತ್ತಿದಳು. ನಾನು ಅವಳ ಕೈ ಹಿಡಿದೆ. ಅಷ್ಟರಲ್ಲಿ ಕಾಫಿ ಆರಿತು. ಈ ದುರಭ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ, ಮಾದಯ್ಯ ಅಂಟಿಸಿ ಹೋದದ್ದು.

ಮಾದಯ್ಯ ಬಿಳಿಗಿರಿರಂಗನ ಬೆಟ್ಟದ ಸೋಲಿಗ, ಜೇನು ಕೀಳುವವನು. ನಾನು ಚಾಮರಾಜನಗರದ ಬ್ಯಾಂಕಿನಲ್ಲಿದ್ದಾಗ ಸ್ನೇಹವಾಯಿತು. ನನಗೆ ಚೆನ್ನೈಗೆ ವರ್ಗವಾದ ಮೇಲೆ, ತೊಂಬತ್ತೇಳರಲ್ಲಿ, ಸಮುದ್ರ ನೋಡಲೆಂದು ಒಮ್ಮೆ ಬಂದಿದ್ದ. ಲೋಕಲ್ ಟ್ರೈನು ಹತ್ತಿದವನೇ "ಯಾವೂರು? ಯಾರ ಮಕ್ಕಳು?" ಎಂದು ಎಲ್ಲರನ್ನೂ ಕನ್ನಡದಲ್ಲೇ ವಿಚಾರಿಸತೊಡಗಿದ. ಇಳಿಯುವಷ್ಟರಲ್ಲಿ ಮೀನು ಮಾರುವವಳೊಬ್ಬಳು ಅವನಿಗೆ ಅಕ್ಕನಾಗಿದ್ದಳು. ನಾನು ಮಾತ್ರ ಅವನು ಯಾರೋ ನಾನು ಯಾರೋ ಎಂಬಂತೆ ಕಿಟಕಿಯಾಚೆ ನೋಡುತ್ತಿದ್ದೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಎರಡು ವರ್ಷದ ಬಳಿಕ ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನ ನೀರಿನ ಟ್ಯಾಂಕಿಗೆ ಜೇನು ಕಟ್ಟಿತು. ವಿಷ ಹೊಡೆಸೋಣವೆಂದರು ಸೆಕ್ರೆಟರಿ ರುಕ್ಮಿಣಿ ಮಾಮಿ. "ನಮ್ಮ ಕಾಡಿನವನನ್ನು ಕರೆಸುತ್ತೇನೆ, ನೋಡುತ್ತಿರಿ!" ಎಂದು ನಾನು ಜಂಭ ಕೊಚ್ಚಿದೆ. ಮಾದಯ್ಯ ಬಂದ ದಿನ ಎಂಟು ಮನೆಯವರೂ ಎವರ್‌ಸಿಲ್ವರ್ ಪಾತ್ರೆ ಹಿಡಿದು ತಾರಸಿ ಹತ್ತಿದರು. ಅವರೆಲ್ಲ ಕೂತು ನೋಡಲೆಂದು ಕುರ್ಚಿ ಹಾಕಿಸಿದವನು ನಾನೇ.

ಅವನು ಟ್ಯಾಂಕಿನ ಅಡಿಗೆ ತೂರಿ, ಬಹಳ ಹೊತ್ತು ನೋಡಿ, ಬರಿಗೈಯಲ್ಲಿ ಹೊರಬಂದ.

"ಮರಿ ತುಂಬವೆ ಕಣಣ್ಣೋ. ಈಗ ಕೀಳಾ ಹಂಗಿಲ್ಲ. ಹದಿನೈದು ದಿನ ತಡೀರಿ."

"ಎನ್ನ ಸಾರ್, ಉಂಗ ಆಳು ಬಯಂದುಟ್ಟಾರಾ?" ನಾನು ಅದನ್ನು ತಮಿಳಿಗೆ ತಿರುಗಿಸಿದಾಗ, ನಿಮ್ಮವನು ಹೆದರಿಬಿಟ್ಟನೇ ಎಂದು ಮಾಮಿ ನಕ್ಕರು. ನಾಳೆಯೇ ಔಷಧಿಯವನನ್ನು ಕರೆಸುವುದಾಗಿಯೂ ಹೇಳಿದರು.

ನನ್ನ ಮುಖ ಹುಳ್ಳಗಾಯಿತು. "ಮಾದಯ್ಯ, ನನ್ನ ಮಾನ ಕಳೀಬೇಡ. ಹೇಗೋ ತೆಗೆದುಬಿಡು" ಎಂದೆ.

"ಉಣ್ಣಾಕೆ ಕುಂತಿರಾ ಮಕ್ಕಳ ಎಬ್ಬುಸ್ತಾರಾ? ನಿಮ್ಮನೇಲಿ ಎಬ್ಬುಸ್ತೀರಾ?"

ನನ್ನನ್ನು ಅಲ್ಲೇ ಬಿಟ್ಟು ಅವನು ಮಾಮಿಯ ಮುಂದೆ ಹೋಗಿ ನಿಂತ. ಅಂಗೈಯಲ್ಲಿ ಜೇನುತಟ್ಟಿಯಿಂದ ಉದುರಿದ ಬಿಳಿ ಮರಿಯೊಂದು ಮಿಸುಕುತ್ತಿತ್ತು. ತಮಿಳು ಬಾರದವನು ಆ ಕೈಯನ್ನು ಅವರ ಕಣ್ಣ ಮುಂದೆಯೇ ಹಿಡಿದ. ಮಾಮಿ ಕನ್ನಡಕ ಏರಿಸಿ ನೋಡಿದರು, ಮತ್ತೆ ನೋಡಿದರು. "ಸರಿ, ಹದಿನೈದು ದಿವಸ. ಅದರ ಮೇಲೆ ಒಂದು ದಿವಸವೂ ಇಲ್ಲ" ಎಂದು ತಮಿಳಿನಲ್ಲೇ ಗದರಿ ಪಾತ್ರೆ ಎತ್ತಿಕೊಂಡು ಇಳಿದರು.

ಹದಿನೈದು ದಿನವೂ ಮಾದಯ್ಯ ತಾರಸಿಯಲ್ಲೇ ಕಾವಲು ಕೂತ. ಆಮೇಲೆ ಜೇನುತುಪ್ಪವಿದ್ದ ಅಂಚನ್ನಷ್ಟೇ ಕುಯ್ದು, ಉಳಿದದ್ದನ್ನು ಹುಳಗಳಿಗೇ ಬಿಟ್ಟ. ದೊಡ್ಡ ಕೊಳದಪ್ಪಲೆ ತಂದವರಿಗೂ ಸಿಕ್ಕಿದ್ದು ಒಂದೊಂದು ಚಮಚ. ವಾರದೊಳಗೆ ಜೇನು ತಾನಾಗಿ ಎದ್ದು ಹೋಯಿತು. ನಾನು ಮತ್ತೆ ಮೀಸೆ ತಿರುವಿದೆ.

ಸೆಂಟ್ರಲ್ ಸ್ಟೇಷನ್‌ನಲ್ಲಿ ರೈಲು ಹೊರಡುವಾಗ ಕಿಟಕಿಯಿಂದ ತನ್ನ ಹಾಡಿಗೆ ಕರೆದ: "ಒಂದ್ಸಲ ನಮ್ಮ ಪೋಡಿಗೆ ಬನ್ನಿ ಅಣ್ಣೋ. ನಾನೂವೆ ಎಲ್ಲಾರ್ನೂ ಕರೆದು ಕುಂಡುರುಸ್ತೀನಿ, ನಿಮ್ಮ ನೋಡಾಕೆ."

ನಗುತ್ತಲೇ ಹೇಳಿದ. ನಾನೂ ನಕ್ಕೆ. ಮನೆ ಮುಟ್ಟುವಷ್ಟರಲ್ಲಿ ನಗು ಇರಲಿಲ್ಲ.

ಆಮೇಲೆ ಮಕ್ಕಳ ಪರೀಕ್ಷೆ, ಪ್ರಮೋಷನ್ನು, ಮಂಡಿನೋವು ಎಂದು ವರ್ಷಗಳನ್ನು ತಳ್ಳಿದೆ. ಇವತ್ತು ಕಾಫಿ ಚೆಲ್ಲಿ ನೇರ ಹೋಗಿ ಟಿಕೆಟ್ ಮಾಡಿಸಿ ಬಂದೆ. ಪೋಡಿನವರೆಲ್ಲ ಸುತ್ತ ಕೂತು ನನ್ನನ್ನು ನೋಡಿ ನಗಲಿ, ಅದು ನನಗೆ ಸಲ್ಲಬೇಕಾದ್ದೇ. ಅವರನ್ನು ಕರೆದು ಕೂಡಿಸಲು ಮಾದಯ್ಯ ಇರಬೇಕು, ಅಷ್ಟೇ.